ದೂರು ಹೇಳಿದವರ ಮನಸ್ಸಿನಲ್ಲಿ ಏನಿತ್ತು?

ಪ್ರಶ್ನೆ: ಮೇಡಂ, ಅಮೆರಿಕದ ಅಧ್ಯಕ್ಷ ನಿಕ್ಸನ್ ಅಧಿಕಾರ ಕಳೆದುಕೊಂಡ ವಾಟರ್‌ಗೇಟ್ ಹಗರಣದಲ್ಲಿ ಪತ್ರಕರ್ತರಿಗೆ ಒಳಗಿನ ಸುದ್ದಿ ಕೊಟ್ಟ, ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ ಮಾರ್ಕ್ ಫೆಲ್ಟ್ ಬಗ್ಗೆ ನಮ್ಮ ಮನೆಯಲ್ಲಿ ಜೋರು ವಾದ ನಡೆಯಿತು. ಬಡ್ತಿ ಸಿಗದ ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದರು, ಹೊಗಳುವಂಥದ್ದೇನಿದೆ ಅಂತಾನೆ ಮಗ. ನೀವೇನಂತೀರಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗ ಸುಮ್ನೆ ಹೇಳಿದ ಮಾತಲ್ಲ ಅದು. 1972ರ ಮೇ ತಿಂಗಳಲ್ಲಿ ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ತೀರಿಕೊಂಡಾಗ ಆ ಕುರ್ಚಿ ತಮಗೇ ಅಂತ ಫೆಲ್ಟ್ ಆಸೆ ಇಟ್ಟುಕೊಂಡಿದ್ದರು. ಅಧ್ಯಕ್ಷ ನಿಕ್ಸನ್ ಹೊರಗಿನವರಾದ ಪ್ಯಾಟ್ರಿಕ್ ಗ್ರೇ ಅವರನ್ನು ತಂದು ಕೂರಿಸಿದರು. ನೋವಾಗದೆ ಇರುತ್ತದೆಯೇ?

ಆದರೆ ಇನ್ನೊಂದು ವಿಷಯ ನೋಡಿ. ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ, ನಿಕ್ಸನ್ ಅವರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಅವರಿಗೆ ನಿಕ್ಸನ್ ಅವರ ಚುನಾವಣಾ ಪ್ರಚಾರದವರ ನಂಟಿತ್ತು. 23ಕ್ಕೆ ನಿಕ್ಸನ್ ಮತ್ತು ಅವರ ಆಪ್ತ ಹಾಲ್ಡೆಮನ್, ಗುಪ್ತಚರ ಸಂಸ್ಥೆ ಸಿಐಎ ಕಡೆಯಿಂದ ಹೇಳಿಸಿ ಎಫ್‌ಬಿಐ ತನಿಖೆ ನಿಲ್ಲಿಸುವ ಮಾತಾಡಿದರು. ಅದು ನಿಕ್ಸನ್ ತಮ್ಮ ಕಚೇರಿಯ ಮಾತುಕತೆ ದಾಖಲಿಸಲು ಇಟ್ಟುಕೊಂಡಿದ್ದ ಟೇಪಿನಲ್ಲಿದೆ. ಫೆಲ್ಟ್‌ಗೆ ಮೇಲೆ ಹೋಗುವ ಆಸೆ ಇದೆ, ಅದಕ್ಕೇ ಸಹಕರಿಸುತ್ತಾರೆ ಅಂತ ಹಾಲ್ಡೆಮನ್ ಅದರಲ್ಲೇ ಹೇಳುತ್ತಾರೆ. ಅಂದರೆ ಬರೀ ಕುರ್ಚಿಯಾಸೆ ಆಗಿದ್ದರೆ ಸುಲಭದ ದಾರಿ ಬಾಯಿ ಮುಚ್ಚಿಕೊಂಡಿರುವುದೇ ಆಗಿತ್ತು, ಅಲ್ವಾ?

ಫೆಲ್ಟ್ ಆ ದಾರಿ ಹಿಡಿಯಲಿಲ್ಲ. ಅಪರಾತ್ರಿಯಲ್ಲಿ ವಾಷಿಂಗ್ಟನ್ ಪಕ್ಕದ ರಾಸ್ಲಿನ್‌ನ ಒಂದು ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಕರ್ತ ಬಾಬ್ ವುಡ್‌ವರ್ಡ್ ಅವರನ್ನು ಭೇಟಿಯಾದರು. ಭೇಟಿ ಬೇಕೆಂದರೆ ವುಡ್‌ವರ್ಡ್ ತಮ್ಮ ಬಾಲ್ಕನಿಯ ಹೂಕುಂಡದ ಜಾಗ ಬದಲಿಸಬೇಕಿತ್ತು. ಹೆಚ್ಚಾಗಿ ಫೆಲ್ಟ್ ಮಾಡಿದ್ದು, ಬೇರೆ ಕಡೆ ಸಿಕ್ಕ ಸುದ್ದಿ ಸರಿಯೋ ತಪ್ಪೋ ಅಂತ ಹೇಳಿದ್ದು.

ನಾನು 28 ವರ್ಷ ಆಡಿಟ್ ಕೆಲಸ ಮಾಡಿದವಳು. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಸ್ಟಾಕ್ ರಿಜಿಸ್ಟರ್ ತೆರೆದು ನನ್ನ ಮುಂದಿಟ್ಟರು. 40 ಮೂಟೆ ಸಿಮೆಂಟಿನ ಪಕ್ಕ ಇನ್ನೊಂದು ಸೊನ್ನೆ. ಮೊದಲಿನದು ನೀಲಿ ಇಂಕು, ಆ ಸೊನ್ನೆ ಮಾತ್ರ ಸ್ವಲ್ಪ ಕಪ್ಪು. "ಸಾಹೇಬ್ರು ಬಡ್ತಿ ತಪ್ಪಿಸಿದ್ರಲ್ಲ, ಅದಕ್ಕೇ ಸೇಡು ಮೇಡಂ" ಅಂತ ಎಲ್ಲರೂ ಕಿವಿಯಲ್ಲಿ ಹೇಳಿದರು. ಸೇಡೇ ಇರಬಹುದು. ನಾನು ಗೋದಾಮಿಗೆ ಹೋಗಿ ಮೂಟೆ ಎಣಿಸಿದೆ. ಎಣಿಕೆ 40ಕ್ಕೇ ನಿಂತಿತು.

ಫೆಲ್ಟ್ ದೇವರಂಥ ಮನುಷ್ಯ ಅಂತ ನಾನು ಹೇಳುವುದಿಲ್ಲ. ವಾರಂಟ್ ಇಲ್ಲದೆ ಜನರ ಮನೆಗೆ ನುಗ್ಗಲು ಅನುಮತಿ ಕೊಟ್ಟಿದ್ದಕ್ಕೆ 1980ರಲ್ಲಿ ಅವರೇ ಅಪರಾಧಿ ಎನಿಸಿದರು. ಮರುವರ್ಷ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. ಈ ತಪ್ಪು ನನಗೆ ಬಡ್ತಿಯ ಸಿಟ್ಟಿಗಿಂತ ಎಷ್ಟೋ ಜಾಸ್ತಿ ಚುಚ್ಚುತ್ತದೆ. ಇನ್ನು ಹೆಸರಿನ ಆಸೆ ಅನ್ನೋಣವೆಂದರೆ, ಸುದ್ದಿ ಕೊಟ್ಟವನು ತಾನೇ ಎಂದು ಫೆಲ್ಟ್ ಒಪ್ಪಿಕೊಂಡಿದ್ದು 2005ರಲ್ಲಿ, 91ನೇ ವಯಸ್ಸಿನಲ್ಲಿ.

ಕುರ್ಚಿ ಸಿಕ್ಕಿದ್ದರೆ ಬಾಯಿ ಬಿಡುತ್ತಿದ್ದರಾ ಅಂತ ನಿಮ್ಮ ಮಗ ಕೇಳಬಹುದು. ಬಿಡುತ್ತಿರಲಿಲ್ಲವೇನೋ ಅಂತ ನನಗೂ ಅನ್ನಿಸುತ್ತದೆ. ಆದರೆ ಜೂನ್ 23ರ ಆ ಟೇಪು 1974ರ ಆಗಸ್ಟ್ 5ಕ್ಕೆ ಹೊರಬಂತು. ನಾಲ್ಕೇ ದಿನದಲ್ಲಿ ನಿಕ್ಸನ್ ಅಧಿಕಾರ ಬಿಟ್ಟರು. ಅದರಲ್ಲಿದ್ದದ್ದು ಫೆಲ್ಟ್ ದನಿಯಲ್ಲ, ನಿಕ್ಸನ್ ಅವರದೇ ದನಿ.