ದರ ಏರುವ ಮೊದಲೇ ಬರೆಯಬೇಕಾದ ಕಾಗದ

ಬನಹಟ್ಟಿಯ ಮಗ್ಗದ ಮಾಲೀಕರೊಬ್ಬರ ಪತ್ರ ಬಂದಿದೆ. ಉದ್ದದ ಪತ್ರ, ಮುಖ್ಯ ಭಾಗ ಇಷ್ಟು: ‘ಕರೆಂಟ್ ದರ ಮತ್ತ ಏರಿಸ್ರಿ ಅಂತ ಹೆಸ್ಕಾಂನವರು ಕೇಳ್ಯಾರಂತ. ಮೂರು ವರ್ಷದ ದರ ಒಮ್ಮೆಲೇ ಹೇಳಿದ್ರಲ್ಲ, ಮತ್ತೇನಿದು? ಸೆಕ್ಷನ್ ಆಫೀಸಿಗೆ ಹೋದ್ರ ನಮ್ಮ ಕೈಯಾಗ ಏನೂ ಇಲ್ರೀ ಅಂತಾರ. ಕೂಡಗಿಯೊಳಗ, ಆಲಮಟ್ಟಿಯೊಳಗ ಕರೆಂಟ್ ತಯಾರಾಗೋದು ನಮ್ಮ ಕಣ್ಣೆದುರಿಗೆ, ದರ ಕಟ್ಟೋದು ಬೆಂಗಳೂರಾಗ. ರಸ್ತೆಗಿಳಿಯೋದು ಬಿಟ್ರ ಬ್ಯಾರೆ ದಾರಿ ಐತೇನು?’

ಸಂಪಾದಕರ ಉತ್ತರ:

ಐತಿ. ಮೊದಲಿಗೆ, ಸೆಕ್ಷನ್ ಆಫೀಸಿನವರು ಹೇಳಿದ್ದು ಸುಳ್ಳಲ್ಲ. ದರ ಕಟ್ಟುವ ಅಧಿಕಾರ ಅವರಿಗೂ ಇಲ್ಲ, ಹುಬ್ಬಳ್ಳಿ ನವನಗರದಲ್ಲಿ ಕೂತ ಅವರ ಮೇಲಿನವರಿಗೂ ಇಲ್ಲ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ. ನಮ್ಮ ಭಾಗಕ್ಕೆ ಕರೆಂಟ್ ಹಂಚುವ ಕಂಪನಿಯಾದ ಹೆಸ್ಕಾಂ ಆಯೋಗದ ಮುಂದೆ ಬರೀ ಅರ್ಜಿದಾರ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನಂತೆ ಅದು ತನ್ನ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಜನರಿಂದ ಬಂದ ಆಕ್ಷೇಪಣೆ, ಸಲಹೆಗಳನ್ನೆಲ್ಲ ನೋಡಿದ ಮೇಲೆಯೇ ಆಯೋಗ ಆದೇಶ ಹೊರಡಿಸಬೇಕು, ಅದಕ್ಕೆ 120 ದಿನದ ಗಡುವು. ನಿಮ್ಮ ಮಾತಿಗೆ ಬೆಲೆ ಇರುವುದು ಈ ದಿನಗಳಲ್ಲಿ.

2023ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿದ ಆದೇಶ ಬಂದದ್ದು ಮೇ 12ಕ್ಕೆ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಬಂದ್‌ಗೆ ಕರೆ ಕೊಟ್ಟದ್ದು ಜೂನ್ 22ಕ್ಕೆ. ಸಿಟ್ಟು ನ್ಯಾಯವಾದದ್ದೇ, ಆದರೆ ಅಷ್ಟೊತ್ತಿಗೆ ಹೊಸ ಬಿಲ್ಲು ಮನೆಮನೆಗೆ ತಲುಪಿತ್ತು. ಆ ವರ್ಷ ವಿದ್ಯುತ್ ಕಂಪನಿಗಳು ಕೇಳಿದ್ದು 1 ರೂಪಾಯಿ 39 ಪೈಸೆ, ಆಯೋಗ ಒಪ್ಪಿದ್ದು ಅದರ ಅರ್ಧದಷ್ಟು. ಅಂದರೆ ಕೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಕೊಡುವ ಜಾಗವಲ್ಲ ಅದು.

ಹೋರಾಟಗಾರರು ಹೆಚ್ಚಾಗಿ ಗಮನಿಸದ ಸಂಗತಿ ಇನ್ನೊಂದಿದೆ. ಆ 70 ಪೈಸೆಯಲ್ಲಿ 57 ಪೈಸೆಯಷ್ಟನ್ನು, ಕರೆಂಟ್ ಉರಿಸಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕದಲ್ಲಿ ಹಾಕಿದರು, ಯೂನಿಟ್ ದರಕ್ಕೆ ಸೇರಿದ್ದು ಉಳಿದ 13 ಪೈಸೆ ಮಾತ್ರ. 2025ರ ಮಾರ್ಚ್ ಆದೇಶದಲ್ಲೂ ಇದೇ ಧಾಟಿ: ಮನೆಬಳಕೆಯ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು, ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ಕೊಡುವ ನಿಗದಿತ ಶುಲ್ಕ ಮಾತ್ರ 120ರಿಂದ 145 ರೂಪಾಯಿಗೆ ಹೋಯಿತು. ಅದರ ಜೊತೆಗೆ ನೌಕರರ ಪಿಂಚಣಿ, ಗ್ರಾಚ್ಯುಟಿ ಹೆಸರಿನಲ್ಲಿ ಯೂನಿಟ್ಟಿಗೆ 36 ಪೈಸೆ ಬೇರೆ. ‘ದರ ಇಳಿಸಿದೆ’ ಅನ್ನುವ ಸುದ್ದಿ ಓದಿ ಬಿಲ್ಲು ನೋಡಿದವರಿಗೆ ತಲೆ ಕೆಟ್ಟದ್ದು ಇದಕ್ಕೇ.

ಮಗ್ಗದವರಿಗೆ ಇದು ನೇರ ಹೊಡೆತ. ಮಾಲು ಹೋಗದೆ, ನೂಲು ಸಿಗದೆ ಮಗ್ಗ ತಿಂಗಳಲ್ಲಿ ಹತ್ತು ದಿನ ನಿಂತರೂ ಎಚ್‌ಪಿ ಲೆಕ್ಕದ ನಿಗದಿತ ಶುಲ್ಕ ನಿಲ್ಲುವುದಿಲ್ಲ. ಹಾಗಾಗಿ ಆಕ್ಷೇಪಣೆಯಲ್ಲಿ ‘ಏರಿಸಬೇಡಿ’ ಎಂದಷ್ಟೇ ಬರೆದರೆ ಸಾಲದು, ಬಿಲ್ಲಿನ ಯಾವ ಸಾಲಿನಲ್ಲಿ ಏರಿಸಬಾರದು ಎಂದು ಬರೆಯಿರಿ. ಮಗ್ಗ ನಿಂತ ತಿಂಗಳಿನ ಬಿಲ್ಲು, ಓಡಿದ ತಿಂಗಳಿನ ಬಿಲ್ಲು ಎರಡರ ಜೆರಾಕ್ಸ್ ಹಚ್ಚಿ. ಭಾಷಣಕ್ಕಿಂತ ಆ ಎರಡು ಹಾಳೆ ಮೇಲು.

ಮೂರು ವರ್ಷದ ದರ ಹೇಳಿ ಮತ್ತೆ ಕೇಳುವುದೇಕೆ ಅನ್ನುತ್ತೀರಿ. 2025–26ರಿಂದ 2027–28ರವರೆಗಿನ ದರ ನಿಗದಿಯಾದದ್ದು ನಿಜ. ಆದರೆ ಕಳೆದ ವರ್ಷದ ಅಂದಾಜು ಖರ್ಚಿಗೂ ನಿಜವಾದ ಖರ್ಚಿಗೂ ಬಿದ್ದ ಅಂತರವನ್ನು ತುಂಬಿಕೊಡಿ ಎಂದು ಪ್ರತಿವರ್ಷ ಕೇಳಲು ಕಂಪನಿಗೆ ಅವಕಾಶವಿದೆ. ಸೀರೆಗೆ ರೇಟು ಮಾತಾಡಿ, ಮಾಲು ಕೊಟ್ಟ ಮೇಲೆ ನೂಲು ತುಟ್ಟಿಯಾಗಿತ್ತು, ವ್ಯತ್ಯಾಸ ಕೊಡ್ರಿ ಎಂದ ಹಾಗೆ. ವ್ಯಾಪಾರಿ ಆಗ ನಿಮ್ಮನ್ನು ಏನು ಕೇಳುತ್ತಾನೋ ಅದನ್ನೇ ನೀವು ಕೇಳಬೇಕು: ಖರ್ಚು ಹೆಚ್ಚಾದದ್ದು ಎಲ್ಲಿ, ಅದರಲ್ಲಿ ನಿಮ್ಮ ತಪ್ಪೆಷ್ಟು?

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ತಕ್ಕ ಜಾಗ ಪಂಪ್‌ಸೆಟ್ಟಿನ ಲೆಕ್ಕ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ದುಡ್ಡು ಸರ್ಕಾರ ಕೊಡಬೇಕು. ಬಹುತೇಕ ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ. ಎಷ್ಟು ಉರಿಯಿತು ಅನ್ನುವುದು ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಮುಖ್ಯ ಲೈನು) ಲೆಕ್ಕದ ಮೇಲೆ ಕಟ್ಟಿದ ಅಂದಾಜು. ಅಂದಾಜು ಉಬ್ಬಿದರೆ ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವೂ ರೈತನ ಖಾತೆಗೆ ಬಿದ್ದು, ಕಂಪನಿಯ ನಷ್ಟದ ಪ್ರಮಾಣ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಿಮ್ಮ ತಾಲ್ಲೂಕಿನ ಫೀಡರುಗಳ ಅಂಕಿ ಕೇಳಿ. ಗ್ರಾಮ ಪಂಚಾಯಿತಿಗಳ ಬೀದಿದೀಪ, ಕುಡಿಯುವ ನೀರಿನ ಬಾಕಿ ಎಷ್ಟಿದೆ, ಸಬ್ಸಿಡಿ ಹಣ ಮುಂಗಡವಾಗಿ ಬಂದಿದೆಯೇ ಕೇಳಿ. ಸಬ್ಸಿಡಿ ಮುಂಗಡ ಕೊಡಬೇಕೆಂದು ಅದೇ ಕಾಯ್ದೆಯ 65ನೇ ಕಲಮಿನಲ್ಲೇ ಇದೆ. ಸರ್ಕಾರ ತಡಮಾಡಿ, ಕಂಪನಿ ಸಾಲ ತಂದು, ಅದರ ಬಡ್ಡಿ ಗ್ರಾಹಕರ ಮೇಲೆ ಬೀಳುವುದಾದರೆ ಅದನ್ನು ನಾವು ಯಾಕೆ ಹೊರಬೇಕು?

ಕೂಡಗಿಯ ಮಾತು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ದರ ಇಳಿಸುವುದಿಲ್ಲ. 2400 ಮೆಗಾವ್ಯಾಟಿನ ಆ ಸ್ಥಾವರ ಕೇಂದ್ರ ಸರ್ಕಾರದ ಕಂಪನಿ ಎನ್‌ಟಿಪಿಸಿಯದು, ಅದರ ವಿದ್ಯುತ್ತಿನಲ್ಲಿ ಬೇರೆ ರಾಜ್ಯಗಳಿಗೂ ಪಾಲಿದೆ. ಆಲಮಟ್ಟಿಯ 290 ಮೆಗಾವ್ಯಾಟೂ ಗ್ರಿಡ್ಡಿಗೇ ಹೋಗುತ್ತದೆ. ಅದರ ಬದಲು ಹೀಗೆ ಕೇಳಿ: ಕರೆಂಟ್ ಕೊಳ್ಳದಿದ್ದರೂ ಒಪ್ಪಂದದ ಪ್ರಕಾರ ಉಷ್ಣ ಸ್ಥಾವರಗಳಿಗೆ ಕೊಟ್ಟ ಸ್ಥಿರ ಶುಲ್ಕ ವರ್ಷಕ್ಕೆ ಎಷ್ಟು? ಕಂಪನಿಯ ಖರ್ಚಿನಲ್ಲಿ ಸಿಂಹಪಾಲು ವಿದ್ಯುತ್ ಖರೀದಿಯದೇ.

ಕಂಪನಿಯ ಅರ್ಜಿಯ ಸಾರಾಂಶದ ಜಾಹೀರಾತು ಪತ್ರಿಕೆಯಲ್ಲಿ ಸಣ್ಣ ಅಕ್ಷರದ ಕೋಷ್ಟಕವಾಗಿ ಬರುತ್ತದೆ, ಟೆಂಡರ್ ನೋಟಿಸೆಂದು ತಿಳಿದು ಪುಟ ಮಗುಚುವವರೇ ಬಹಳ. ಕೊನೆಯ ತಾರೀಖು, ಎಷ್ಟು ಪ್ರತಿ, ಪ್ರಮಾಣಪತ್ರ ಬೇಕೋ ಬೇಡವೋ ಅನ್ನುವುದೆಲ್ಲ ಅದರ ತುದಿಯಲ್ಲಿರುತ್ತದೆ. ಒಂದು ಪ್ರತಿ ಆಯೋಗಕ್ಕೆ, ಒಂದು ಕಂಪನಿಗೆ, ರಿಜಿಸ್ಟರ್ಡ್ ಅಂಚೆಯ ಚೀಟಿ ನಿಮ್ಮ ಹತ್ತಿರ. ಕನ್ನಡದಲ್ಲೇ ಬರೆಯಿರಿ. ಒಂದೇ ಒಕ್ಕಣೆಗೆ ಐನೂರು ಜನ ಸಹಿ ಹಾಕುವುದಕ್ಕಿಂತ ಹತ್ತು ಮಂದಿ ತಮ್ಮ ತಮ್ಮ ಬಿಲ್ಲಿನ ಮೇಲೆ ಬರೆದ ಹತ್ತು ಪತ್ರ ವಾಸಿ. ಯಾಕೆಂದರೆ ಆಯೋಗದ ಆದೇಶದಲ್ಲಿ ಆಕ್ಷೇಪಣೆ, ಅದಕ್ಕೆ ಕಂಪನಿ ಕೊಟ್ಟ ಉತ್ತರ, ಆಮೇಲೆ ಆಯೋಗದ ಅಭಿಪ್ರಾಯ ಹೀಗೆ ಅಚ್ಚಾಗುತ್ತದೆ. ಒಂದೇ ಮಾತಿಗೆ ಒಂದೇ ಉತ್ತರ, ಹತ್ತು ಪ್ರಶ್ನೆಗೆ ಹತ್ತು.

ಬಹಿರಂಗ ವಿಚಾರಣೆಗೆ ಹೋದರೆ ಮಾತಿಗೆ ಸಿಗುವುದು ಕೆಲವೇ ನಿಮಿಷ. ಸುಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್), ಜೋತುಬಿದ್ದ ತಂತಿ, ಫೋನ್ ಎತ್ತದ ಲೈನ್‌ಮನ್ ಎಂದು ಶುರುವಾದರೆ ಸಮಯ ಅಲ್ಲೇ ಮುಗಿಯುತ್ತದೆ. ಆ ದೂರುಗಳಿಗೆ, ತಪ್ಪು ಬಿಲ್ಲಿಗೆ, ಗ್ರಾಹಕರ ಕುಂದುಕೊರತೆ ವೇದಿಕೆ ಬೇರೆಯೇ ಇದೆ. ಹೋಗಲಾಗದಿದ್ದರೂ ಚಿಂತೆಯಿಲ್ಲ, ಬರಹದಲ್ಲಿ ಕೊಟ್ಟದ್ದೂ ಲೆಕ್ಕಕ್ಕೆ ಬರುತ್ತದೆ. ಆದೇಶದ ಮೇಲೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬಹುದು, ಆದರೆ ಅದು ಸಂಘಸಂಸ್ಥೆಗಳ ಜೇಬಿಗೆ ಒಗ್ಗುವ ಕೆಲಸ.

ಹುಕ್ಕೇರಿಯ ಓದುಗರಿಗೆ ಒಂದು ಮಾತು: ನಿಮ್ಮ ಅರ್ಜಿದಾರ ಹೆಸ್ಕಾಂ ಅಲ್ಲ, ನಿಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅದರ ಚುನಾವಣೆಗೆ ಜಿಲ್ಲೆಯ ದೊಡ್ಡ ರಾಜಕಾರಣಿಗಳೇ ಠಿಕಾಣಿ ಹೂಡುತ್ತಾರೆ, ದರದ ಅರ್ಜಿಯ ಮೇಲೂ ಸದಸ್ಯರು ಅಷ್ಟೇ ಕಣ್ಣಿಡಬೇಕು.

ಬಿಲ್ಲಿನಲ್ಲಿ ತಿಂಗಳು ತಿಂಗಳು ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕಕ್ಕೆ ಮಾತ್ರ ಪ್ರತಿಸಲ ವಿಚಾರಣೆ ಇಲ್ಲ, ಅದು ಸೂತ್ರದ ಮೇಲೆ ನಡೆಯುತ್ತದೆ. ಅದರ ಮೇಲಿನ ತಕರಾರನ್ನೂ ವಾರ್ಷಿಕ ಆಕ್ಷೇಪಣೆಯಲ್ಲೇ ಸೇರಿಸಿ. ನಿಮ್ಮ ಕರಡು ಸಿದ್ಧವಾದರೆ ಒಂದು ಪ್ರತಿ ನಮಗೂ ಕಳಿಸಿ, ರಬಕವಿ, ಇಳಕಲ್ ಕಡೆಯ ಮಗ್ಗದವರು ಅದನ್ನು ನೋಡಿ ತಮ್ಮದನ್ನು ಬರೆದುಕೊಳ್ಳಲಿಕ್ಕೆ ಅಚ್ಚುಹಾಕುತ್ತೇವೆ.