ಕಂಪನಿಯ ಕೇಸುಗಳಿಗೆ ಹೊರಗಿನ ವಕೀಲರ ಖರ್ಚು ವರ್ಷವರ್ಷ ಏರುತ್ತಿದೆ. ಗಂಟೆ ದರ ಇಳಿಸಿ ಅಂತ ಅವರನ್ನು ಹೇಗೆ ಒಪ್ಪಿಸಲಿ?

ದರದಿಂದ ಶುರು ಮಾಡಲೇಬೇಡಿ. ನಾನು ಕೇಳಿದ್ದೆ, ರಿಯಾಯಿತಿ ಸಿಕ್ಕಿತ್ತು ಕೂಡ. ಆಮೇಲೆ ಬಿಲ್ ಇನ್ನೂ ದೊಡ್ಡದಾಯಿತು.

ಆಗ ನಾನು ಒಂದು ಕಂಪನಿಯ ಲೀಗಲ್ ಡಿಪಾರ್ಟ್‌ಮೆಂಟ್ ನೋಡಿಕೊಳ್ಳುತ್ತಿದ್ದೆ. ನಿಮ್ಮ ಹಾಗೇ, ಖರ್ಚು ಇಳಿಸಿ ಅಂತ ಹಣಕಾಸಿನವರ ಒತ್ತಡ. ಅದೇ ಹೊತ್ತಿಗೆ ನಮ್ಮ ಒಬ್ಬ ವಿತರಕರು ಕೇಸು ಹಾಕಿದರು. ಒಪ್ಪಂದ ಮುಂದುವರಿಸುತ್ತೇವೆ ಅಂತ ನಂಬಿಸಿ ಕೈಬಿಟ್ಟರು ಅನ್ನೋದು ಅವರ ದೂರು. ನಾನು ಅವತ್ತೇ ಕಾಗದಗಳನ್ನೆಲ್ಲ ಲಾ ಫರ್ಮ್‌ಗೆ ಕಳಿಸಿದೆ, ದರದ ಮಾತುಕತೆ ಮುಗಿಸಿದೆ, ಬೇರೆ ಕೆಲಸಕ್ಕೆ ಹೋದೆ.

ಎಡವಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ವಿತರಕರ ಜೊತೆ ವ್ಯವಹಾರ ಮಾಡುತ್ತಿದ್ದ ನಮ್ಮ ಸೇಲ್ಸ್ ಮ್ಯಾನೇಜರ್ ಹತ್ತಿರ ದಾಖಲೆ ಕೇಳಿದೆ, ಕೊಟ್ಟರು. ಆದರೆ ಅವರ ಎದುರಿಗೆ ಕೂತು "ನಿಜವಾಗಿ ಏನಾಯ್ತು?" ಅಂತ ಕೇಳಲಿಲ್ಲ. ವಿಷಯ ತಿಳಿದುಕೊಳ್ಳೋದು ವಕೀಲರ ಕೆಲಸ, ಅದಕ್ಕೇ ದುಡ್ಡು ಕೊಡ್ತಿದ್ದೀವಿ ಅಂದುಕೊಂಡಿದ್ದೆ. ಹೊರಗಿನ ವಕೀಲರಿಗೆ "ಕೇಸು ನಡೆಸಿ" ಅಂದರೆ ಅವರು ನಡೆಸುತ್ತಾರೆ. ಇದು ನಡೆಸಬೇಕಾದ ಕೇಸೇ ಅಂತ ಯೋಚಿಸಬೇಕಾದ್ದು ಕಂಪನಿ ಒಳಗಿರುವ ನಾವು. ನಾನು ಯೋಚಿಸಲಿಲ್ಲ. ಜವಾಬು ಸಲ್ಲಿಸಿದೆವು, ಅರ್ಜಿ ಮೇಲೆ ಅರ್ಜಿ ಹಾಕಿದೆವು, ಜೂನಿಯರ್ ವಕೀಲರು ಕೂತು ಇಮೇಲ್ ರಾಶಿ ಓದಿದರು. ಬಹಳ ತಡವಾಗಿ ಆ ರಾಶಿಯಲ್ಲಿ ಮ್ಯಾನೇಜರ್ ಬರೆದ ಒಂದು ಸಾಲು ಸಿಕ್ಕಿತು: "ಚಿಂತೆ ಬೇಡ, ಮುಂದಿನ ವರ್ಷವೂ ನೀವೇ." ಅವರೇನೂ ಅದನ್ನು ಮುಚ್ಚಿಟ್ಟಿರಲಿಲ್ಲ. ಮೊದಲ ವಾರವೇ ಕೇಳಿದ್ದರೆ ಹೇಳಿಬಿಡುತ್ತಿದ್ದರು. ಕೊನೆಗೆ ರಾಜಿ ಮಾಡಿಕೊಂಡೆವು. ವಿತರಕರು ನೋಟಿಸಿನಲ್ಲಿ ಕೇಳಿದ್ದಕ್ಕಿಂತ ಜಾಸ್ತಿನೇ ಕೊಡಬೇಕಾಯಿತು, ಯಾಕಂದ್ರೆ ಅಷ್ಟರಲ್ಲಿ ಅವರ ವಕೀಲರ ಖರ್ಚೂ ಏರಿತ್ತು.

ಇನ್ನು ಬಿಲ್. ಅದರ ಒಂದು ಸಾಲು ಹೀಗಿತ್ತು: "ಪತ್ರ ಓದಿದ್ದು, ತಂಡದೊಳಗೆ ಚರ್ಚೆ, ಕರಡು ತಿದ್ದಿದ್ದು, ಫೋನ್ ಕರೆ, 7.4 ಗಂಟೆ." ಗಂಟೆಯನ್ನು ಆರಾರು ನಿಮಿಷವಾಗಿ ಒಡೆದು ಬರೆಯೋದು ಈ ವೃತ್ತಿಯಲ್ಲಿ ಮಾಮೂಲಿ. ಆದರೆ ನಾಲ್ಕು ಕೆಲಸ ಒಟ್ಟಿಗೆ ಸೇರಿಸಿದರೆ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಯಾರಿಗೂ ತಿಳಿಯಲ್ಲ. ನಡುವೆ ಜೂನಿಯರ್ ಬದಲಾದರು. ಹೊಸಬರು ಫೈಲನ್ನು ಮೊದಲಿಂದ ಓದಿದ ಹೊತ್ತೂ ನಮ್ಮ ಲೆಕ್ಕಕ್ಕೇ ಬಂತು. ದರ ಇಳಿದಿತ್ತು, ಗಂಟೆ ಏರಿತ್ತು.

ದುಡ್ಡು ಎಲ್ಲಿ ಸೋರುತ್ತೆ ಅನ್ನೋದಕ್ಕೆ ಒಂದು ಅಂಕಿ ನೋಡಿ. ಅಮೆರಿಕದ ರ್‍ಯಾಂಡ್ ಸಂಸ್ಥೆ 2012ರಲ್ಲಿ ದೊಡ್ಡ ಕಂಪನಿಗಳ ಕೇಸುಗಳನ್ನು ಅಧ್ಯಯನ ಮಾಡಿತ್ತು. ಎದುರು ಪಕ್ಷಕ್ಕೆ ಎಲೆಕ್ಟ್ರಾನಿಕ್ ದಾಖಲೆ ಒದಗಿಸುವ ಖರ್ಚಿನಲ್ಲಿ ಸುಮಾರು 73% ಅವನ್ನು ಓದಿ ವಿಂಗಡಿಸೋದಕ್ಕೇ ಹೋಗಿತ್ತು. ಯಾರ ಇಮೇಲ್, ಯಾವ ಅವಧಿಯದ್ದು ಅಂತ ಮೊದಲೇ ಕಟ್ಟುನಿಟ್ಟು ಮಾಡಿದರೆ ಉಳಿಯೋ ದುಡ್ಡು ಯಾವ ರಿಯಾಯಿತಿಯಲ್ಲೂ ಉಳಿಯಲ್ಲ.

ಹಾಗಾಗಿ ಕೇಸು ಬಂದ ಕೂಡಲೇ, ಏನನ್ನೂ ಅಳಿಸಬೇಡಿ ಅಂತ ಸಂಬಂಧಪಟ್ಟವರಿಗೆಲ್ಲ ಬರವಣಿಗೆಯಲ್ಲಿ ತಿಳಿಸಿ. ಆಮೇಲೆ ವಿಷಯ ಗೊತ್ತಿರೋರ ಜೊತೆ ಕೂತು ಮಾತಾಡಿ. ಒಂದು ಎಚ್ಚರಿಕೆ: ಕಂಪನಿಯ ಸ್ವಂತ ವಕೀಲರ ಜೊತೆಗಿನ ಮಾತಿಗೆ ಎಲ್ಲ ಕಡೆ ಕಾನೂನಿನ ಗೋಪ್ಯತೆ, ಅಂದರೆ ಅದನ್ನು ಬಯಲು ಮಾಡಿ ಅಂತ ಒತ್ತಾಯಿಸದ ರಕ್ಷಣೆ, ಇಲ್ಲ. ಐರೋಪ್ಯ ಒಕ್ಕೂಟದ ಸ್ಪರ್ಧಾ ಕಾನೂನಿನ ತನಿಖೆಗಳಲ್ಲಿ ಅದು ಸಿಗಲ್ಲ ಅಂತ ಅಲ್ಲಿನ ನ್ಯಾಯಾಲಯ 2010ರ ಆಕ್ಜೊ ನೊಬೆಲ್ ತೀರ್ಪಿನಲ್ಲಿ ಹೇಳಿದೆ. ಅಂಥ ಕಡೆ ಹೊರಗಿನ ವಕೀಲರನ್ನೂ ಜೊತೆಗೆ ಕೂರಿಸಿಕೊಳ್ಳಿ. ಆ ಕೆಲವು ಗಂಟೆಗೆ ಎಷ್ಟು ಕೊಟ್ಟರೂ ಜಾಸ್ತಿಯಲ್ಲ.

ಆಮೇಲೆ ಒಂದೇ ಪುಟದಲ್ಲಿ ಬರೆಯಿರಿ: ಸೋತರೆ ಎಷ್ಟು, ಕೊನೆತನಕ ನಡೆಸಲು ಎಷ್ಟು, ಇವತ್ತು ರಾಜಿಯಾದರೆ ಎಷ್ಟು. ನಿಮ್ಮ ಹಣಕಾಸಿನವರಿಗೂ ಇದು ಬೇಕೇ ಬೇಕು. ಐಎಎಸ್ 37 ಅನ್ನೋ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಪಾಲಿಸುವ ಕಂಪನಿ, ದುಡ್ಡು ಕೊಡಬೇಕಾಗಿ ಬರುವ ಸಾಧ್ಯತೆ ಹೆಚ್ಚಿದ್ದು ಮೊತ್ತವನ್ನು ನಂಬುವ ಹಾಗೆ ಅಂದಾಜು ಮಾಡಲು ಆದರೆ, ಅಷ್ಟನ್ನು ಲೆಕ್ಕದಲ್ಲಿ ತೋರಿಸಲೇಬೇಕು.

ನಡೆಸೋದೇ ಅಂತ ತೀರ್ಮಾನವಾದರೆ ಹಂತ ಹಂತದ ಬಜೆಟ್ ಕೇಳಿ. ಇದಕ್ಕೆ ಅಮೆರಿಕದಲ್ಲಿ 1990ರ ದಶಕದಲ್ಲೇ ಯುಟಿಬಿಎಂಎಸ್ ಅನ್ನೋ ಕೋಡ್ ಪಟ್ಟಿ ಮಾಡಿದ್ದಾರೆ: ಕೇಸಿನ ಅಂದಾಜಿಗೆ ಎಲ್100, ಅಲ್ಲಿಂದ ಮೇಲ್ಮನವಿಯ ಎಲ್500ರವರೆಗೆ. ಒಂದೊಂದು ಹಂತಕ್ಕೆ ನಿಗದಿ ಶುಲ್ಕ ಸಿಕ್ಕರೆ ಬಿಡಬೇಡಿ. ಯಾರು ಕೆಲಸ ಮಾಡ್ತಾರೆ ಅನ್ನೋ ಹೆಸರುಗಳು ನೇಮಕದ ಪತ್ರದಲ್ಲೇ ಇರಲಿ. ಹೊಸಬರು ಫೈಲ್ ಓದಿದ್ದಕ್ಕೆ ಬಿಲ್ ಇಲ್ಲ, ನಾಲ್ಕು ಕೆಲಸ ಸೇರಿಸಿ ಬರೆದ ಸಾಲಿಗೆ ದುಡ್ಡಿಲ್ಲ ಅಂತಲೂ ಬರೆಸಿ.

ಅಮೆರಿಕದ ರಾಸಾಯನಿಕ ಕಂಪನಿ ಡುಪಾಂಟ್ 1992ರಲ್ಲಿ ಶುರು ಮಾಡಿದ ಯೋಜನೆಯಲ್ಲಿ 350ಕ್ಕೂ ಹೆಚ್ಚು ಲಾ ಫರ್ಮ್‌ಗಳನ್ನು 40ರ ಆಸುಪಾಸಿಗೆ ಇಳಿಸಿತು ಅಂತ ಯಾರಾದರೂ ನಿಮಗೆ ಹೇಳೇ ಹೇಳ್ತಾರೆ. ನಿಜ. ಆದರೆ ಸುಮ್ನೆ ಸಂಖ್ಯೆ ಇಳಿಸಿದ್ದಲ್ಲ. ಕೇಸಿನ ಆರಂಭದಲ್ಲೇ ಅಂದಾಜು, ಗಂಟೆ ಲೆಕ್ಕ ಬಿಟ್ಟು ಬೇರೆ ಥರದ ಶುಲ್ಕ, ಇವೆರಡೂ ಆ ಪದ್ಧತಿಯ ಭಾಗವೇ ಆಗಿದ್ದವು.

ಇಷ್ಟೆಲ್ಲ ಆದ ಮೇಲೆ ದರದ ಬಗ್ಗೆ ಮಾತಾಡಿ, ಆದರೆ ಹಿಂಡಬೇಡಿ. ಹಿಂಡಿದರೆ ಅನುಭವಿಗಳು ನಿಮ್ಮ ಕೇಸು ಬಿಟ್ಟು ಬೇರೆಯವರದ್ದು ನೋಡ್ತಾರೆ. ಈಗ ಅತಿ ಹೆಚ್ಚು ಖರ್ಚಾಗುತ್ತಿರುವ ಕೇಸು ಯಾವುದು ಅಂತ ನಿಮಗೆ ಗೊತ್ತೇ ಇರುತ್ತೆ, ಅಲ್ವಾ? ಮುಂದಿನ ಬಿಲ್ ಬರೋದರೊಳಗೆ ಆ ವ್ಯವಹಾರ ಮಾಡಿದವರನ್ನು ಕರೆದು ಮಾತಾಡಿಸಿ.