ಅವಳೊಬ್ಬಳೇ ಇದ್ದಾಗ ಕೇಳಿ

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿರುವ ನಿಮ್ಮ ಪತ್ರ ತಲುಪಿದೆ. ಬಚ್ಚಲಲ್ಲಿ ಜಾರಿ ಬಿದ್ದೆನೆಂದು ವರ್ಷದಲ್ಲಿ ಮೂರನೆಯ ಸಲ ಬಂದಿದ್ದ ಹೆಂಗಸಿಗೆ ಕೇಳಿದ ಪ್ರತಿ ಪ್ರಶ್ನೆಗೂ ಗಂಡನೇ ಉತ್ತರ ಕೊಟ್ಟನೆಂದೂ, ‘ಗಂಡ ಹೆಂಡಿರ ವಿಷಯಕ್ಕೆ ತಲೆಹಾಕಬಹುದೇ’ ಎಂದು ಹಿಂಜರಿದು ಸುಮ್ಮನಾದಿರೆಂದೂ ಬರೆದಿದ್ದೀರಿ.

ತಲೆಹಾಕಲೇಬೇಕು, ಆದರೆ ಅವನ ಎದುರಿಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನೀವು ಕಂಡದ್ದು ಅಪರೂಪದ ಪ್ರಕರಣವೇನೂ ಅಲ್ಲ.

ಜಾರಿ ಬೀಳುವವರು ಸಾಮಾನ್ಯವಾಗಿ ನೆಲಕ್ಕೆ ಅಂಗೈ ಊರುತ್ತಾರೆ. ಏಟಿಗೆ ಕೈ ಅಡ್ಡ ಹಿಡಿದವರಿಗೆ ಪೆಟ್ಟು ಬೀಳುವುದು ಮುಂಗೈಯಲ್ಲಿ ಕಿರುಬೆರಳಿನ ಕಡೆಯ ಅಂಚಿಗೆ. ಹೇಳುವ ಕಾರಣಕ್ಕೂ ಗಾಯದ ಜಾಗಕ್ಕೂ ತಾಳೆಯಾಗದಿದ್ದರೆ ಅದೇ ಮೊದಲ ಸುಳಿವು. ಗಾಯವೇ ಇಲ್ಲದೆ, ವಾಸಿಯಾಗದ ತಲೆನೋವು, ನಿದ್ದೆಗೇಡು, ಕಿಬ್ಬೊಟ್ಟೆ ನೋವು ಎಂದು ಬರುವವರೂ, ಬಸುರಿನ ತಪಾಸಣೆಗೆ ತಡವಾಗಿ ಬರುವವರೂ ಇದ್ದಾರೆ. ಬಂದ ಎಲ್ಲ ಹೆಂಗಸರನ್ನೂ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುವುದಿಲ್ಲ. ಇಂಥ ಸುಳಿವು ಕಂಡಾಗ ಕೇಳಿ ಎನ್ನುತ್ತದೆ. ನನಗೂ ಅದೇ ಸರಿಯೆನಿಸುತ್ತದೆ. ನಮೂನೆ ಭರ್ತಿ ಮಾಡಲೆಂದು ಕೇಳಿದ ಪ್ರಶ್ನೆಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ತೂಕ ನೋಡಬೇಕೆಂದೋ ಮೂತ್ರ ಪರೀಕ್ಷೆಯೆಂದೋ ಹೇಳಿ ಅವರೊಬ್ಬರನ್ನೇ ಒಳಗೆ ಕರೆದೊಯ್ಯಿರಿ; ಅತ್ತೆಯೂ ಮಾತು ಬಲ್ಲ ಮಗುವೂ ಜೊತೆಗಿರುವುದು ಬೇಡ. ‘ದೌರ್ಜನ್ಯ’ ಎಂಬ ಕಚೇರಿಯ ಪದ ಬಿಟ್ಟು, ‘ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಾರಾ? ಈಗ ಮನೆಗೆ ಹೋಗಲು ಭಯವಾಗುತ್ತದೆಯಾ?’ ಎಂದು ಕೇಳಿ. ಇಲ್ಲವೆಂದರೆ ಒತ್ತಾಯಿಸಬೇಡಿ, ಇನ್ನೊಮ್ಮೆ ಬಂದಾಗ ಹೇಳಿಯಾರು. ಹೌದೆಂದರೆ, ‘ನೀವ್ಯಾಕೆ ಸಹಿಸಿಕೊಂಡಿರಿ’ ಎನ್ನದೆ ಕೇಳಿಸಿಕೊಳ್ಳಿ. ಕುತ್ತಿಗೆ ಹಿಸುಕಿದ್ದನೇ ಎಂದು ಮಾತ್ರ ಬಿಡದೆ ವಿಚಾರಿಸಿ, ಏಕೆಂದರೆ ಅಂಥ ಕಡೆ ಮುಂದೆ ಕೊಲೆಯಾಗುವ ಅಪಾಯ ಬಹಳ ಹೆಚ್ಚು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗೆ ಮೊದಲೇ ದೂರು ಹೋಗಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ; ವೈದ್ಯಕೀಯ ವರದಿಯ ಪ್ರತಿಯನ್ನು ಹಿಂಸೆಗೊಳಗಾದ ಹೆಂಗಸಿಗೆ ಉಚಿತವಾಗಿ ಕೊಡಬೇಕು. ಮಹಿಳೆಯರ 181 ಸಹಾಯವಾಣಿಯನ್ನೂ, ಇಂಥವರಿಗೆ ನೆರವಾಗುವ ಸಖಿ ಕೇಂದ್ರವನ್ನೂ ಬಾಯಿಮಾತಿನಲ್ಲೇ ತಿಳಿಸಿ. ಕೈಗಿತ್ತ ಕರಪತ್ರ ಮನೆಯಲ್ಲಿ ಗಂಡನ ಕಣ್ಣಿಗೆ ಬೀಳಬಹುದು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಗಾಯದ ಜಾಗ ಮತ್ತು ಅಳತೆಯೊಂದಿಗೆ ಆಸ್ಪತ್ರೆಯ ಕಡತದಲ್ಲಿ ದಾಖಲಿಸಿ. ಹೊರರೋಗಿ ಚೀಟಿಯಲ್ಲಿ ಬರೆಯಲೇಬೇಡಿ: ಅದು ಅವನ ಅಂಗಿಯ ಜೇಬಿನಲ್ಲೇ ಮನೆಗೆ ಹೋಗುವುದು.

– ಸಂಪಾದಕ